ಉತ್ತರದ ವೇಷ ತೊಟ್ಟ ದ್ವೇಷ

ಕೇಳುಗರೇ, ನಮಸ್ಕಾರ.

ಬಿಳಿಯರೇ ಶ್ರೇಷ್ಠರೆಂಬ ವಾದ ಅಂತರ್ಜಾಲಕ್ಕಿಂತ ಬಹಳ ಹಳೆಯದು. ಆದರೆ ಈ ಮಾಧ್ಯಮದ ಬಲವನ್ನು ಮೊದಮೊದಲೇ ಅರಿತವರಲ್ಲಿ ಆ ವಾದದ ಪ್ರಚಾರಕರೂ ಇದ್ದರು. ಅಮೆರಿಕದಲ್ಲಿ 1984ರ ಹೊತ್ತಿಗೇ ಅವರು ದೂರವಾಣಿ ತಂತಿಯ ಮೂಲಕ ಕಂಪ್ಯೂಟರುಗಳನ್ನು ಬೆಸೆದು ತಮ್ಮ ಬರಹಗಳನ್ನು ಹಂಚುತ್ತಿದ್ದರು. 1995ರಲ್ಲಿ ಬಿಳಿಯರ ಶ್ರೇಷ್ಠತೆ ಸಾರುವ ಹಿಂಸಾತ್ಮಕ ಸಂಘಟನೆಯಾದ ಕು ಕ್ಲಕ್ಸ್ ಕ್ಲಾನ್‌ನ ಮಾಜಿ ಮುಖಂಡ ಡಾನ್ ಬ್ಲ್ಯಾಕ್ ‘ಸ್ಟಾರ್ಮ್‌ಫ್ರಂಟ್’ ಎಂಬ ಜಾಲತಾಣವನ್ನು ಆರಂಭಿಸಿದನು.

ಬಹಿರಂಗವಾಗಿ ದ್ವೇಷ ಕಾರುವ ಅಂಥ ತಾಣಕ್ಕಿಂತ ನನಗೆ ಹೆಚ್ಚು ಅಪಾಯಕಾರಿಯಾಗಿ ಕಾಣುವುದು ಅದೇ ಬಳಗ ನಡೆಸುತ್ತಿದ್ದ ಇನ್ನೊಂದು ತಾಣ. ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರನ್ನೇ ವಿಳಾಸವಾಗಿಸಿಕೊಂಡಿದ್ದ ಅದು ಶಾಲಾ ಮಕ್ಕಳಿಗೆಂದು ಸಿದ್ಧಪಡಿಸಿದ ಜೀವನಚರಿತ್ರೆಯಂತೆ ತೋರುತ್ತಿತ್ತು. ರಸಪ್ರಶ್ನೆಯಿತ್ತು, ಮುದ್ರಿಸಿ ಶಾಲೆಯಲ್ಲಿ ಹಂಚಲು ಕರಪತ್ರಗಳಿದ್ದವು. ಒಳಗಿನ ಬರಹವೆಲ್ಲ ಕಿಂಗ್ ಅವರ ತೇಜೋವಧೆಗೆ ಮೀಸಲು. ನಡೆಸುವವರು ಯಾರೆಂಬುದು ಪುಟದ ತಳದ ಒಂದು ಸಣ್ಣ ಸಾಲಿನಲ್ಲಿತ್ತು, ಮತ್ತು ಗೂಗಲ್‌ನಲ್ಲಿ ಕಿಂಗ್ ಅವರ ಹೆಸರು ಹುಡುಕಿದವರಿಗೆ ಅದು ವರ್ಷಗಟ್ಟಲೆ ಮೇಲಿನ ಫಲಿತಾಂಶಗಳಲ್ಲಿಯೇ ಸಿಗುತ್ತಿತ್ತು.

2015ರ ಜೂನ್ 17ರಂದು ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರದ ಚರ್ಚೊಂದರಲ್ಲಿ ಬೈಬಲ್ ಅಧ್ಯಯನಕ್ಕೆ ಕುಳಿತಿದ್ದ 9 ಮಂದಿ ಕಪ್ಪು ಜನರನ್ನು ಕೊಂದವನಿಗೆ ಆಗ 21 ವರ್ಷ. ಕಪ್ಪು ಜನರು ಬಿಳಿಯರ ಮೇಲೆ ಎಸಗುವ ಅಪರಾಧಗಳ ಬಗ್ಗೆ ಗೂಗಲ್‌ನಲ್ಲಿ ಹುಡುಕಿದಾಗ ತನಗೆ ಮೊದಲು ಸಿಕ್ಕಿದ್ದು ಬಿಳಿಯರ ಶ್ರೇಷ್ಠತೆಯನ್ನು ಸಾರುವ ಸಂಘಟನೆಯೊಂದರ ಪುಟವೆಂದು ಅವನೇ ಬರೆದುಕೊಂಡಿದ್ದಾನೆ. ಅಮೆರಿಕದಲ್ಲಿ ಕೊಲೆಯಾಗುವ ಬಿಳಿಯರಲ್ಲಿ ಬಹುಪಾಲು ಮಂದಿಯನ್ನು ಕೊಲ್ಲುವವರು ಬಿಳಿಯರೇ ಎಂಬುದು ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಅಂಕಿಅಂಶಗಳಲ್ಲಿಯೇ ಇದೆ. ಆದರೆ ಹುಡುಕುವ ಯಂತ್ರವು ಕೇಳಿದ ಪದಗಳಿಗೆ ಹೊಂದುವ ಪುಟಗಳನ್ನು ತರುತ್ತದೆ. ಪ್ರಶ್ನೆಯ ಪದಗಳೇ ಪ್ರಚಾರಕರವಾಗಿದ್ದರೆ ಉತ್ತರವೂ ಅವರ ಕಡೆಯಿಂದಲೇ ಬರುವ ಸಂಭವ ಹೆಚ್ಚು.

ಹೀಗೆ ಬೇರೂರಿದ ದ್ವೇಷ ಕೊಲೆಯನ್ನೇ ಪ್ರಚಾರ ಸಾಮಗ್ರಿಯಾಗಿಸಿಕೊಂಡಿತು. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಜನರನ್ನು ಬಲಿತೆಗೆದುಕೊಂಡ ದಾಳಿ ಫೇಸ್‌ಬುಕ್‌ನಲ್ಲಿ ನೇರ ಪ್ರಸಾರವಾಯಿತು. ಮೊದಲ 24 ಗಂಟೆಗಳಲ್ಲಿ ಅದರ 15 ಲಕ್ಷ ಪ್ರತಿಗಳನ್ನು ತೆಗೆದುಹಾಕಿದ್ದಾಗಿ ಆ ಸಂಸ್ಥೆಯೇ ತಿಳಿಸಿತು. 2022ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ 10 ಮಂದಿ ಕಪ್ಪು ಜನರನ್ನು ಕೊಂದವನು ಕ್ರೈಸ್ಟ್‌ಚರ್ಚ್‌ನ ಕೊಲೆಗಾರನನ್ನೇ ಅನುಕರಿಸಿದನು. ಅವನ ನೇರ ಪ್ರಸಾರವನ್ನು ವಿಡಿಯೊ ಪ್ರಸಾರ ತಾಣವಾದ ಟ್ವಿಚ್ ಸಂಸ್ಥೆಯು ಹಿಂಸೆ ಆರಂಭವಾದ ಎರಡು ನಿಮಿಷಗಳೊಳಗೆ ನಿಲ್ಲಿಸಿತು. ಅಷ್ಟರಲ್ಲಿ ಯಾರೋ ಅದನ್ನು ನಕಲು ಮಾಡಿಕೊಂಡಿದ್ದರು, ಮತ್ತು ಆ ನಕಲು ಬೇರೆ ತಾಣಗಳಲ್ಲಿ ಹರಡತೊಡಗಿತು.