ಹಟಮಾರಿ ಬಿಪಿಗೆ ವಿಟಮಿನ್ ಡಿ ಮದ್ದಾ?

(ದೃಶ್ಯ: ಹೊಸನಗರ ಕಡೆಯ ಅಡಿಕೆ ತೋಟ, ಬಿಡದೆ ಸುರಿಯುವ ಮಳೆ)

ನಮಸ್ಕಾರ. ಪುನರ್ವಸು ಮಳೆ ಹಿಡಿದರೆ ನಮ್ಮ ಕಡೆ ಒಗೆದ ಬಟ್ಟೆಗೂ ಒಲೆ ಪಕ್ಕವೇ ಗತಿ. ಬಿಸಿಲಂತೂ ಇಲ್ಲ. ಹಾಗಾಗಿ 'ಬಿಸಿಲಿಲ್ಲ, ಡಿ ಇಲ್ಲ, ಅದಕ್ಕೇ ಬಿಪಿ ಇಳಿಯುತ್ತಿಲ್ಲ' ಎಂದು ಯಾರಾದರೂ ಹೇಳಿದರೆ ಹೌದಲ್ವಾ ಅನ್ನಿಸುತ್ತದೆ.

ಮೊದಲು ಹಟಮಾರಿ ಬಿಪಿ ಅಂದರೆ ಯಾವುದು? ಮೂರು ಬಗೆಯ ಮಾತ್ರೆ, ಅದರಲ್ಲಿ ಒಂದು ಮೂತ್ರ ಹೆಚ್ಚಿಸುವುದು, ಎಲ್ಲವನ್ನೂ ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೂ ಇಳಿಯದ ಬಿಪಿ.

ಡಿ ಮೇಲಿನ ಆಸೆ ಸುಮ್ನೆ ಹುಟ್ಟಿದ್ದಲ್ಲ. ನಮ್ಮ ಕಿಡ್ನಿ ರೆನಿನ್ ಎಂಬುದನ್ನು ಬಿಡುತ್ತದೆ. ಅದು ಜಾಸ್ತಿಯಾದರೆ ರಕ್ತನಾಳ ಬಿಗಿಯುತ್ತದೆ, ಮೈಯಲ್ಲಿ ಉಪ್ಪು ನಿಲ್ಲುತ್ತದೆ. 2002ರಲ್ಲಿ ಇಲಿಗಳ ಮೇಲಿನ ಪ್ರಯೋಗವೊಂದು, ಡಿ ಕೆಲಸ ಮಾಡದಂತೆ ಮಾಡಿದರೆ ರೆನಿನ್ ಏರುತ್ತದೆ, ಬಿಪಿಯೂ ಏರುತ್ತದೆ ಎಂದು ತೋರಿಸಿತು.

(ಪರದೆ ಮೇಲೆ: 68 ಜನ, 6 ತಿಂಗಳು)

ಮನುಷ್ಯರಲ್ಲಿ ಏನಾಯಿತು? ಸ್ಕಾಟ್ಲೆಂಡಿನಲ್ಲೂ ಬಿಸಿಲಿಗೆ ಬರವೇ. ಅಲ್ಲಿ ಹಟಮಾರಿ ಬಿಪಿಯ 68 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ತಿಂಗಳಿಗೊಮ್ಮೆ 1 ಲಕ್ಷ ಯೂನಿಟ್ ಡಿ, ಇನ್ನೊಂದಕ್ಕೆ ಸಪ್ಪೆ ಮದ್ದು, ಅಂದರೆ ನೋಡಲು ಹಾಗೇ ಇದ್ದರೂ ಒಳಗೆ ಡಿ ಇಲ್ಲದ್ದು. ಆರು ತಿಂಗಳಾದರೂ ಡಿ ತಿಂದವರ ಬಿಪಿ ಇಳಿಯಲಿಲ್ಲ. 2015ರಲ್ಲಿ ಡಿ ಕೊಟ್ಟು ಬಿಪಿ ಅಳೆದ 46 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದರು. ಅಲ್ಲೂ ಅದೇ ಕಥೆ.

ಹಾಗಾದರೆ ಬಿಪಿ ಇರುವವರಲ್ಲಿ ಡಿ ಕಡಿಮೆ ಕಾಣುವುದೇಕೆ? ಮೈ ತೂಕ ಜಾಸ್ತಿ ಇದ್ದರೆ, ಮನೆ ಬಿಟ್ಟು ಹೊರಡದಿದ್ದರೆ ಎರಡೂ ಕೆಡುತ್ತವೆ. ಜೊತೆಗಿದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗಬೇಕಿಲ್ಲ.

ಡಿ ನಿಜವಾಗಿ ಕಡಿಮೆ ಇದ್ದರೆ ಮೂಳೆಗಾಗಿ ತಿನ್ನಿ, ಡಾಕ್ಟರು ಹೇಳಿದಷ್ಟೇ. ನಮ್ಮಲ್ಲಿ ಸಿಗುವ 60,000 ಯೂನಿಟ್ಟಿನ ಪುಡಿ ಸಾಮಾನ್ಯವಾಗಿ ವಾರಕ್ಕೊಂದು. ದಿನಕ್ಕೊಂದು ಎಂದು ತಿಳಿದು ತಿಂದು ಆಸ್ಪತ್ರೆ ಸೇರಿದವರಿದ್ದಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ: ವಾಂತಿ, ತಡೆಯಲಾಗದ ಬಾಯಾರಿಕೆ, ಮಲಬದ್ಧತೆ, ಕೊನೆಗೆ ಕಿಡ್ನಿಗೇ ಪೆಟ್ಟು. ಬಿಪಿಗೆ ಕೊಡುವ ಕ್ಲೋರ್ಥ್ಯಾಲಿಡೋನ್‌ನಂಥ ಮಾತ್ರೆಯೂ ಕ್ಯಾಲ್ಸಿಯಂ ಅನ್ನು ಮೈಯಲ್ಲೇ ಉಳಿಸುತ್ತದೆ. ಎರಡೂ ಸೇರಿದರೆ ಇನ್ನೂ ಕಷ್ಟ.

(ದೃಶ್ಯ: ಅಪ್ಪೆಮಿಡಿ ಜಾಡಿ)

ನನ್ನ ಅನುಮಾನ ಈ ಜಾಡಿ ಮೇಲೆ. ಬೈಯಬೇಡಿ, ನನಗೂ ಗಂಜಿ ಜೊತೆ ಮಿಡಿ ಬೇಕೇ ಬೇಕು. ಆದರೆ ಮಿಡಿ ಕೆಡದೆ ನಿಲ್ಲುವುದೇ ಉಪ್ಪಿನಿಂದ. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚ. ಸಾರು, ಪಲ್ಯ, ಹಪ್ಪಳ ಎಲ್ಲಾ ಸೇರಿ!

ಇನ್ನೊಂದು ಅನುಮಾನ ನೋವಿನ ಮಾತ್ರೆ ಮೇಲೆ. ತೋಟಕ್ಕೆ ಮದ್ದು ಹೊಡೆದು ಬಂದ ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್ ಬಿಪಿ ಏರಿಸುತ್ತದೆ. ಜೋರು ಗೊರಕೆ ಹೊಡೆಯುವವರು ಅದನ್ನೂ ಡಾಕ್ಟರಿಗೆ ಹೇಳಿ. ನಿದ್ದೆಯಲ್ಲಿ ಉಸಿರು ಕಟ್ಟುವುದೂ ಒಂದು ಕಾರಣ.

ಇದೆಲ್ಲಾ ಸರಿಯಿದ್ದರೂ ಇಳಿಯದಿದ್ದರೆ ಸ್ಪೈರೊನೊಲ್ಯಾಕ್ಟೋನ್ ಎಂಬ ಹಳೇ ಮಾತ್ರೆಯಿದೆ. 2015ರ ಬ್ರಿಟನ್ ಪ್ರಯೋಗದಲ್ಲಿ ನಾಲ್ಕನೇ ಮಾತ್ರೆಯಾಗಿ ಗೆದ್ದದ್ದು ಅದೇ. ರಕ್ತದ ಪೊಟ್ಯಾಸಿಯಂ ನೋಡಿಕೊಂಡೇ ಕೊಡಬೇಕು, ಅದು ಡಾಕ್ಟರ ಕೆಲಸ.

ನಿಮ್ಮ ಕೆಲಸ ಇಷ್ಟೇ. ಮುಂದಿನ ಸಲ ಹೋಗುವಾಗ ಮನೆಯಲ್ಲಿರುವ ಮಾತ್ರೆ, ಪುಡಿ, ಕಷಾಯದ ಬಾಟಲಿ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ.