ಹುಷಾರಿನ ಆಟಕ್ಕೆ ದಂಡ ಹಾಕಿ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಐಸ್ ಹಾಕಿಯ ಮಾತು. ಮೊದಲು ಒಂದು ಲೆಕ್ಕ ಕೇಳಿ. 1928-29ರ ಸಾಲಿನಲ್ಲಿ ಚಿಕಾಗೋ ತಂಡ ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ 44 ಪಂದ್ಯ ಆಡಿತು. ಅಷ್ಟೂ ಪಂದ್ಯಗಳಲ್ಲಿ ಇಡೀ ತಂಡ ಸೇರಿ ಹೊಡೆದದ್ದು 33 ಗೋಲು. ಅದೇ ಸಾಲಿನಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಗೋಲ್‌ಕೀಪರ್ ಜಾರ್ಜ್ ಹೇನ್ಸ್‌ವರ್ತ್ 44 ಪಂದ್ಯಗಳ ಪೈಕಿ 22ರಲ್ಲಿ ಒಂದೇ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಅದು ಇವತ್ತಿಗೂ ಮುರಿಯದ ದಾಖಲೆ. ಅವರ ಪಾಲಿಗೆ ಹೆಮ್ಮೆ, ಸರಿ. ಟಿಕೆಟ್ ಕೊಂಡು ಬಂದು ಕೂತವರ ಪಾಡೇನು?

ಗೋಲು ಹೊಡೆಯುವವರಿಗೆ ಕೈ ಬರುತ್ತಿರಲಿಲ್ಲ ಅಂತಲ್ಲ. ಎದುರಾಳಿಯ ಗೋಲಿನ ಹತ್ತಿರದ ವಲಯಕ್ಕೆ ಹೋದಮೇಲೆ ತನಗಿಂತ ಮುಂದಿರುವ ಜೊತೆಗಾರನಿಗೆ ಪಕ್, ಅಂದರೆ ಚೆಂಡಿನ ಬದಲಿಗೆ ಬಳಸುವ ರಬ್ಬರ್ ಬಿಲ್ಲೆ, ಕೊಡುವಂತೆಯೇ ಇರಲಿಲ್ಲ. ಪಕ್ಕಕ್ಕೆ ಕೊಡಬಹುದು, ಹಿಂದಕ್ಕೆ ಕೊಡಬಹುದು, ಮುಂದಕ್ಕೆ ಮಾತ್ರ ಕೂಡದು. 1929-30ರಲ್ಲಿ ಲೀಗ್ ಈ ನಿರ್ಬಂಧವನ್ನು ತೆಗೆದುಹಾಕಿತು. ಆ ಸಾಲಿನಲ್ಲಿ ಬಾಸ್ಟನ್ ತಂಡದ ಕೂನಿ ವೈಲ್ಯಾಂಡ್ ಎಂಬ ಒಬ್ಬನೇ ಆಟಗಾರ 44 ಪಂದ್ಯಗಳಲ್ಲಿ 43 ಗೋಲು ಹೊಡೆದ. ಹಿಂದಿನ ವರ್ಷ ಚಿಕಾಗೋದ ಇಡೀ ತಂಡ ಹೊಡೆದದ್ದಕ್ಕಿಂತ ಹತ್ತು ಹೆಚ್ಚು!

ಆದರೆ ಇನ್ನೊಂದು ತಮಾಷೆಯೂ ಆಯಿತು. ಮುಂದಕ್ಕೆ ಪಾಸ್ ಕೊಡಬಹುದು ಅಂದಮೇಲೆ ಓಡಾಡುವ ಶ್ರಮ ಯಾಕೆ ಅಂತ ಆಟಗಾರರು ಎದುರಾಳಿಯ ಗೋಲಿನ ಮುಂದೆಯೇ ಹೋಗಿ ಠಿಕಾಣಿ ಹೂಡಿದರು. ಪಕ್ ಬರುವುದನ್ನೇ ಕಾಯುತ್ತಾ ನಿಂತರೆ ಆಯಿತಲ್ಲ. ಲೀಗ್‌ಗೆ ಇದು ಅತಿಯಾಯಿತು ಅನ್ನಿಸಿತು. ಅದೇ ಸಾಲಿನ ಡಿಸೆಂಬರ್‌ನಲ್ಲಿ, ಸಾಲಿನ ನಡುವೆಯೇ, ಎದುರಾಳಿಯ ವಲಯದ ಅಂಚಿನ ನೀಲಿ ಗೆರೆಯನ್ನು ಪಕ್ ದಾಟುವ ಮೊದಲು ದಾಳಿಯ ಆಟಗಾರ ಯಾರೂ ಅದನ್ನು ದಾಟಕೂಡದು ಎಂಬ ನಿಯಮ ಬಂತು. ಇವತ್ತಿನ ಆಫ್‌ಸೈಡ್‌ಗೆ ಬುನಾದಿ ಅದೇ.

ಕೊಡಗಿನ ಮೈದಾನಗಳಲ್ಲಿ ಹಾಕಿ ನೋಡುತ್ತಾ ಬೆಳೆದವರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ನಮ್ಮ ಹಾಕಿಯಲ್ಲಿ 1990ರ ದಶಕದ ಕೊನೆಗೆ ಆಫ್‌ಸೈಡನ್ನೇ ಕಿತ್ತುಹಾಕಿದರಲ್ಲ, ಆಟ ಇನ್ನೂ ಚುರುಕಾಯಿತಲ್ಲ, ಮಂಜಿನ ಮೇಲೆ ಯಾಕೆ ಆಗದು? ಐಸ್ ಹಾಕಿಯ ಅಂಕಣ 200 ಅಡಿ ಉದ್ದ, 85 ಅಡಿ ಅಗಲ, ಅಷ್ಟೇ. ಸುತ್ತಲೂ ಗೋಡೆ. ಸ್ಕೇಟ್ ಕಟ್ಟಿದವರು ಆ ತುದಿಯಿಂದ ಈ ತುದಿಗೆ ಕೆಲವೇ ಸೆಕೆಂಡುಗಳಲ್ಲಿ ಬರುತ್ತಾರೆ. ಅಷ್ಟು ಚಿಕ್ಕ ಜಾಗದಲ್ಲಿ ಆಫ್‌ಸೈಡ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಲೀಗ್ 1929ರಲ್ಲೇ ಕಣ್ಣಾರೆ ಕಂಡಿದೆ.

ಈ ಆಟ ನೋಡದವರಿಗಾಗಿ ಎರಡು ಮಾತು. ಗೋಲ್‌ಕೀಪರ್ ಸೇರಿ ಒಂದು ಕಡೆಗೆ ಆರು ಜನ. ಇಪ್ಪತ್ತು ನಿಮಿಷದ ಮೂರು ಅವಧಿ. ತಪ್ಪು ಮಾಡಿದವನು ಸಾಮಾನ್ಯವಾಗಿ ಎರಡು ನಿಮಿಷ ಹೊರಗೆ ಪೆಟ್ಟಿಗೆಯಲ್ಲಿ ಕೂರಬೇಕು, ಅಷ್ಟು ಹೊತ್ತು ಅವನ ತಂಡ ಒಬ್ಬ ಕಡಿಮೆ ಇಟ್ಟುಕೊಂಡು ಆಡಬೇಕು. ಆಗ ಎದುರಾಳಿಗೆ ಸಿಗುವ ಅವಕಾಶವೇ ಪವರ್ ಪ್ಲೇ. ಆಟ ನಡೆಯುತ್ತಿರುವಾಗಲೇ ಆಟಗಾರರು ಬದಲಾಗುತ್ತಿರುತ್ತಾರೆ. ಒಬ್ಬೊಬ್ಬರು ಒಂದು ಸಲಕ್ಕೆ ಮುಕ್ಕಾಲು ನಿಮಿಷದಷ್ಟು ಹೊತ್ತು ಮಂಜಿನ ಮೇಲಿರುತ್ತಾರೆ, ಆಮೇಲೆ ಬೆಂಚಿಗೆ. ಅಷ್ಟು ವೇಗ, ಅಷ್ಟು ದಣಿವು.

ಇಷ್ಟು ವೇಗದ ಆಟ ಬೇಸರ ಹುಟ್ಟಿಸುವುದಾದರೂ ಹೇಗೆ? ಕೋಚ್‌ಗಳಿಂದ. ಅವರನ್ನು ಬೈಯುತ್ತಿಲ್ಲ. ಕೋಚ್‌ಗೆ ಸಂಬಳ ಕೊಡುವುದು ಗೆಲ್ಲಿಸುವುದಕ್ಕೆ, ರಂಜಿಸುವುದಕ್ಕಲ್ಲ. ಸೋಲದ ದಾರಿ ಹುಷಾರಿನ ದಾರಿಯಾಗಿದ್ದರೆ ಅವನು ಅದನ್ನೇ ಹಿಡಿಯುತ್ತಾನೆ. ಹುಷಾರಾಗಿ ಆಡುವುದನ್ನು ದುಬಾರಿ ಮಾಡುವ ಕೆಲಸ ನಿಯಮ ಬರೆಯುವವರದು. ನಮ್ಮ ಪ್ರೊ ಕಬಡ್ಡಿ ನೋಡುವವರಿಗೆ ಇದು ಗೊತ್ತು. ಎರಡು ರೈಡ್ ಖಾಲಿ ಹೋದರೆ ಮೂರನೆಯದು ಮಾಡು ಇಲ್ಲವೇ ಮಡಿ. ಅಂಕ ತಾರದೆ ಹಿಂದಿರುಗಿದರೆ ರೈಡರ್ ಔಟ್. ಸುಮ್ಮನೆ ಗೆರೆ ಮುಟ್ಟಿ ಹೊತ್ತು ಕಳೆಯುವ ಚಾಳಿಗೆ ಆ ಒಂದು ನಿಯಮ ಬೆಲೆ ಕಟ್ಟಿತು.

ಐಸ್ ಹಾಕಿಯಲ್ಲಿ ಹುಷಾರಿನ ಆಟ ಉತ್ತುಂಗಕ್ಕೆ ಹೋದದ್ದು 1990ರ ದಶಕದಲ್ಲಿ. ನ್ಯೂಜೆರ್ಸಿ ಡೆವಿಲ್ಸ್ ತಂಡ 1995ರಲ್ಲಿ ಲೀಗ್‌ನ ಚಾಂಪಿಯನ್‌ಗೆ ಸಿಗುವ ಸ್ಟ್ಯಾನ್ಲಿ ಕಪ್‌ನ ಫೈನಲ್‌ನಲ್ಲಿ ಬಲಾಢ್ಯ ಡೆಟ್ರಾಯಿಟನ್ನು ನಾಲ್ಕಕ್ಕೆ ನಾಲ್ಕೂ ಪಂದ್ಯಗಳಲ್ಲಿ ಮಣಿಸಿತು. ಅವರ ಅಸ್ತ್ರಕ್ಕೆ ಟ್ರ್ಯಾಪ್ ಅಂತ ಹೆಸರು. ಎದುರಾಳಿಯನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ನಡುವಲಯದಲ್ಲಿ ಸಾಲುಗಟ್ಟಿ ನಿಂತು, ಬರುವವನನ್ನು ಗೋಡೆಯ ಕಡೆಗೆ ನೂಕಿ, ಪಕ್ ಕಿತ್ತುಕೊಳ್ಳುವುದು. ಆ ತಂಡದ ಕೋಚ್ ಜಾಕ್ ಲೆಮೇರ್ ಆಟಗಾರರಾಗಿದ್ದಾಗ ಮಾಂಟ್ರಿಯಲ್‌ನ ದಾಳಿಯ ಆಟದಲ್ಲಿ ಬೆಳೆದವರು, ಎಂಟು ಸಲ ಕಪ್ ಗೆದ್ದವರು. ದಾಳಿಯ ಒಳಗುಟ್ಟು ತಿಳಿದವರೇ ಅದಕ್ಕೆ ಬೀಗ ಹಾಕಬಲ್ಲರು ತಾನೆ? ಡೆವಿಲ್ಸ್ ಗೆದ್ದಮೇಲೆ ಕೇಳಬೇಕೆ, ಅಂಥ ಪ್ರತಿಭೆಯಿಲ್ಲದ ತಂಡಗಳೂ ಟ್ರ್ಯಾಪ್ ಕಲಿತವು. ಜೊತೆಗೆ ವೇಗದ ಆಟಗಾರನ ಸೊಂಟಕ್ಕೆ ಸ್ಟಿಕ್ ಸಿಕ್ಕಿಸಿ ಎಳೆಯುವುದು, ತೋಳು ಹಿಡಿದು ತಡೆಯುವುದು. ರೆಫರಿಗಳು ಅರ್ಧಕ್ಕರ್ಧ ಕಂಡೂ ಕಾಣದಂತಿದ್ದರು.

2004-05ರಲ್ಲಿ ಮಾಲೀಕರಿಗೂ ಆಟಗಾರರಿಗೂ ಸಂಬಳದ ಜಗಳ ಹತ್ತಿ ಇಡೀ ಸಾಲೇ ರದ್ದಾಯಿತು. ಆ ಖಾಲಿ ಹೊತ್ತಿನಲ್ಲಿ ಬ್ರೆಂಡನ್ ಶಾನಹನ್ ಎಂಬ ಹಿರಿಯ ಆಟಗಾರ ಟೊರಾಂಟೊದಲ್ಲಿ ಒಂದು ಸಭೆ ಕರೆದರು. ಆಟಗಾರರು, ಕೋಚ್‌ಗಳು, ರೆಫರಿಗಳು, ಟಿವಿಯವರು ಒಟ್ಟಿಗೆ ಕೂತು ಆಟವನ್ನು ಈ ಹಿಡಿತದಿಂದ ಹೇಗೆ ಬಿಡಿಸುವುದು ಅಂತ ಯೋಚಿಸಿದರು. 2005ರಲ್ಲಿ ಲೀಗ್ ಮತ್ತೆ ಶುರುವಾದಾಗ ನಿಯಮ ಪುಸ್ತಕವೇ ಬದಲಾಗಿತ್ತು. ತನ್ನ ವಲಯದಿಂದ ನಡುಗೆರೆಯಾಚೆಗೆ ಉದ್ದದ ಪಾಸ್ ಕೊಡಬಹುದು. ಗೋಲ್‌ಕೀಪರ್‌ನ ಪ್ಯಾಡುಗಳ ಅಗಲ ಕಡಿಮೆ. ಎಳೆದರೆ, ಹಿಡಿದರೆ ಖಂಡಿತ ಪೆನಾಲ್ಟಿ.

ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಐಸಿಂಗ್ ಕುರಿತ ಸಣ್ಣ ತಿದ್ದುಪಡಿ. ಒತ್ತಡದಲ್ಲಿ ಸಿಕ್ಕ ತಂಡ ತನ್ನ ಅರ್ಧದಿಂದ ಪಕ್ಕನ್ನು ಎದುರಾಳಿಯ ಗೋಲಿನ ಗೆರೆಯಾಚೆಗೆ ಬೀಸಿ ಹೊಡೆದು ಪಾರಾಗುತ್ತದೆ. ಅದು ಐಸಿಂಗ್. ಆಟ ನಿಲ್ಲುತ್ತದೆ, ಪಕ್ ಮತ್ತೆ ಅವರ ವಲಯಕ್ಕೇ ಬರುತ್ತದೆ. ಮೊದಲು ಆ ಬಿಡುವಿನಲ್ಲಿ ದಣಿದ ಐವರನ್ನು ಕರೆದು ಹೊಸ ಐವರನ್ನು ಇಳಿಸುತ್ತಿದ್ದರು. 2005ರಿಂದ ಆ ಸವಲತ್ತಿಲ್ಲ. ಬೀಸಿದವರೇ ಏದುಸಿರು ಬಿಡುತ್ತಾ ನಿಲ್ಲಬೇಕು, ಎದುರಾಳಿ ಮಾತ್ರ ತಾಜಾ ಕಾಲುಗಳನ್ನು ಇಳಿಸಬಹುದು. ಯಾರನ್ನೂ ಪೆಟ್ಟಿಗೆಯಲ್ಲಿ ಕೂರಿಸಲಿಲ್ಲ, ಗೋಲಿನ ಅಳತೆ ಮುಟ್ಟಲಿಲ್ಲ, ಹೇಡಿತನಕ್ಕೆ ಬೆಲೆ ಮಾತ್ರ ಬಿತ್ತು. ನಿಯಮ ಅಂದರೆ ಹೀಗಿರಬೇಕು.

ಅದೇ ವರ್ಷದ ಇನ್ನೊಂದು ಬದಲಾವಣೆ ನನಗೆ ಸೇರಿಲ್ಲ. ನ್ಯೂಜೆರ್ಸಿಯ ಗೋಲ್‌ಕೀಪರ್ ಮಾರ್ಟಿನ್ ಬ್ರೊಡೂರ್ ಗೋಲು ಬಿಟ್ಟು ಹೊರಬಂದು ಪಕ್ಕನ್ನು ರಕ್ಷಣಾ ಆಟಗಾರನಷ್ಟೇ ಚೆನ್ನಾಗಿ ಆಡುತ್ತಿದ್ದರು. ಅದನ್ನು ತಡೆಯಲು ಗೋಲಿನ ಹಿಂದೆ ಒಂದು ಚೌಕಟ್ಟು ಎಳೆದು, ಗೋಲಿನ ಗೆರೆಯ ಹಿಂಬದಿಯಲ್ಲಿ ಅದರ ಆಚೆ ಪಕ್ ಮುಟ್ಟಕೂಡದು ಅಂದರು. ಗೋಲು ಬಿಟ್ಟು ಹೊರಬಂದ ಗೋಲ್‌ಕೀಪರ್ ಎಡವಟ್ಟು ಮಾಡಿಕೊಳ್ಳುವುದೇ ನೋಡುವವರಿಗೆ ರೋಮಾಂಚನ. ಆ ಸಾಹಸವನ್ನೇ ನಿಷೇಧಿಸಿದ ಹಾಗಾಯಿತು. ಹಿಂದೆ 1917ರಲ್ಲಿ ಲೀಗ್ ಹುಟ್ಟಿದಾಗ ಗೋಲ್‌ಕೀಪರ್‌ಗಳು ಮಂಜಿನ ಮೇಲೆ ಬೀಳುವುದೂ ತಪ್ಪಾಗಿತ್ತು. ಒಟ್ಟಾವಾದ ಕ್ಲಿಂಟ್ ಬೆನೆಡಿಕ್ಟ್ ಪ್ರತಿಸಲವೂ ಕಾಲು ಜಾರಿದವನಂತೆ ಬೀಳುತ್ತಿದ್ದ ಕಾರಣ 1918ರ ಜನವರಿಯಲ್ಲಿ ಆ ನಿಯಮವನ್ನೇ ಕೈಬಿಟ್ಟರು. ಚತುರನ ಕೈ ಕಟ್ಟುವುದು ಯಾವ ಕಾಲಕ್ಕೂ ಸುಲಭವಲ್ಲ.

2005ರ ಬದಲಾವಣೆಗಳ ಫಲ ತಕ್ಷಣ ಕಂಡಿತು. ಪಂದ್ಯಕ್ಕೆ ಎರಡೂ ಕಡೆ ಸೇರಿ ಸರಾಸರಿ ಐದು ಚಿಲ್ಲರೆ ಇದ್ದ ಗೋಲುಗಳು ಆರಕ್ಕೆ ಏರಿದವು. ಆದರೆ ಉಳಿಯಲಿಲ್ಲ. ಮೊದಲ ವರ್ಷ ಒಂದೊಂದು ತಂಡಕ್ಕೂ ಪಂದ್ಯಕ್ಕೆ ಸುಮಾರು ಆರು ಪವರ್ ಪ್ಲೇ ಸಿಗುತ್ತಿದ್ದವು. ಆರೇಳು ವರ್ಷಗಳಲ್ಲಿ ಅದು ನಾಲ್ಕಕ್ಕಿಂತ ಕೆಳಗಿಳಿಯಿತು. ಆಟಗಾರರು ತಿದ್ದಿಕೊಂಡರು ಅನ್ನುವುದು ನಿಜ, ರೆಫರಿಗಳ ಸೀಟಿ ಮೆತ್ತಗಾಯಿತು ಅನ್ನುವುದೂ ನಿಜ. ಗೋಲುಗಳು ಮತ್ತೆ ಚೆನ್ನಾಗಿ ಏರಿದ್ದು ತೀರಾ ಈಚೆಗೆ, ಹೊಸ ತಲೆಮಾರಿನ ವೇಗದ ಆಟಗಾರರು ಬಂದಮೇಲೆ.

ಪವರ್ ಪ್ಲೇ ಅಂದಾಗ ಒಂದು ಹಳೆಯ ಕಥೆ ಹೇಳಲೇಬೇಕು. 1955ರ ನವೆಂಬರ್ 5. ಬಾಸ್ಟನ್ ತಂಡದ ಇಬ್ಬರು ಪೆಟ್ಟಿಗೆಯಲ್ಲಿದ್ದಾಗ ಮಾಂಟ್ರಿಯಲ್‌ನ ಜಾನ್ ಬೆಲಿವೊ 44 ಸೆಕೆಂಡುಗಳಲ್ಲಿ ಮೂರು ಗೋಲು ಹೊಡೆದರು. ಆಗಿನ ನಿಯಮದಂತೆ ಗೋಲು ಎಷ್ಟೇ ಬೀಳಲಿ, ತಪ್ಪು ಮಾಡಿದವನು ಎರಡು ನಿಮಿಷ ಪೂರ್ತಿ ಕೂರಬೇಕಿತ್ತು. ಮಾಂಟ್ರಿಯಲ್‌ನ ಈ ಹಾವಳಿ ತಾಳಲಾರದೆ 1956-57ರಿಂದ, ಒಂದು ಗೋಲು ಬಿದ್ದರೆ ಅವನು ಆಟಕ್ಕೆ ಮರಳಬಹುದು ಎಂದು ಬದಲಿಸಿದರು. ಆದರೂ ಮಾಂಟ್ರಿಯಲ್ 1956ರಿಂದ 1960ರವರೆಗೆ ಸತತ ಐದು ಕಪ್ ಗೆದ್ದಿತು ಅನ್ನಿ.

ಆ ಹಳೆಯ ನಿಯಮವನ್ನು ಮರಳಿ ತನ್ನಿ ಅನ್ನುವವನು ನಾನು. ಅದು ಅತಿಯಾಯಿತು ಅನ್ನಿಸಿದರೆ ಇನ್ನೊಂದು ದಾರಿಯಿದೆ. ಒಬ್ಬ ಕಡಿಮೆ ಇರುವ ತಂಡಕ್ಕೆ ಈಗಲೂ ಒಂದು ರಿಯಾಯಿತಿ ಉಂಟು: ಅವರು ಪಕ್ಕನ್ನು ಆ ತುದಿಗೆ ಬೀಸಿ ಹೊಡೆದರೆ ಅದು ಐಸಿಂಗ್ ಆಗುವುದಿಲ್ಲ. ತಪ್ಪು ಮಾಡಿದವರಿಗೇ ವಿನಾಯಿತಿ, ಇದೆಂಥ ನ್ಯಾಯ? ಅಮೆರಿಕದಲ್ಲಿ 14 ವರ್ಷದೊಳಗಿನ ಮಕ್ಕಳ ಆಟದಿಂದ ಈ ರಿಯಾಯಿತಿಯನ್ನು 2017ರಲ್ಲೇ ತೆಗೆದುಹಾಕಿದರು. ಮಕ್ಕಳು ಪಾಲಿಸುವುದನ್ನು ಕೋಟಿ ಕೋಟಿ ಸಂಬಳದ ಆಟಗಾರರು ಪಾಲಿಸಲಾರರೇ?

2024ರ ಜನವರಿಯಲ್ಲಿ ಶುರುವಾದ ಮಹಿಳೆಯರ ವೃತ್ತಿಪರ ಲೀಗ್ ಇದಕ್ಕಿಂತ ಧೈರ್ಯದ ಪ್ರಯೋಗ ಮಾಡಿದೆ. ಅಲ್ಲಿ ಒಬ್ಬಾಕೆ ಕಡಿಮೆಯಿದ್ದ ತಂಡವೇ ಗೋಲು ಹೊಡೆದುಬಿಟ್ಟರೆ ಪೆಟ್ಟಿಗೆಯಲ್ಲಿ ಕೂತವಳಿಗೆ ಅಲ್ಲೇ ಬಿಡುಗಡೆ. ಎರಡು ನಿಮಿಷ ಹೇಗೋ ದೂಡಿದರೆ ಸಾಕು ಅನ್ನುತ್ತಿದ್ದವರು ಈಗ ಸಂದು ಸಿಕ್ಕರೆ ದಾಳಿಗೆ ಹೊರಡುತ್ತಾರೆ. ದಾಳಿಗೆ ಹೊರಟಾಗ ಹಿಂದೆ ಜಾಗ ತೆರೆಯುತ್ತದೆ, ಎದುರಾಳಿಗೂ ಅವಕಾಶ. ಎರಡನೆಯ ಸಾಲಿನಲ್ಲಿ ಇನ್ನೊಂದು ಸೇರಿಸಿದರು: ಪೆನಾಲ್ಟಿ ಬಿದ್ದಾಗ ತಪ್ಪು ಮಾಡಿದ ತಂಡದಲ್ಲಿ ಮಂಜಿನ ಮೇಲಿದ್ದವರೇ, ಆಟ ಮತ್ತೆ ಶುರುಮಾಡಲು ಪಕ್ ಹಾಕುವವರೆಗೂ ಇರಬೇಕು, ರಕ್ಷಣೆಯಲ್ಲಿ ನುರಿತವರನ್ನು ಆಗಲೇ ಕರೆಸುವಂತಿಲ್ಲ. ಪುರುಷರ ಲೀಗ್ ಇವೆರಡನ್ನೂ ನಾಚಿಕೆಯಿಲ್ಲದೆ ನಕಲು ಮಾಡಬಹುದು.

ಅಂಕಗಳ ಲೆಕ್ಕವಂತೂ ಹುಷಾರಿನ ಆಟಕ್ಕೆ ಬಹುಮಾನ ಕೊಟ್ಟಂತಿದೆ. ಗೆದ್ದವರಿಗೆ ಎರಡು ಅಂಕ. ಪಂದ್ಯ ಸಮವಾಗಿ ಹೆಚ್ಚುವರಿ ಸಮಯಕ್ಕೆ ಹೋದರೆ ಸೋತವರಿಗೂ ಒಂದು. ಅಂದರೆ 60 ನಿಮಿಷದಲ್ಲಿ ಮುಗಿದ ಪಂದ್ಯದಲ್ಲಿ ಹಂಚುವುದು ಎರಡು ಅಂಕ, ಮುಗಿಯದಿದ್ದರೆ ಮೂರು! ಕೊನೆಯ ಐದು ನಿಮಿಷ ಸಮಬಲದಲ್ಲಿದ್ದರೆ ಎರಡು ಕಡೆಯವರೂ ಮಾತಾಡಿಕೊಂಡವರಂತೆ ತಣ್ಣಗಾಗುವುದು ಯಾಕೆ ಅಂತ ಬೇರೆ ಹೇಳಬೇಕಿಲ್ಲ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಮಹಿಳೆಯರ ಆ ಲೀಗ್‌ನಲ್ಲಿ ನಿಗದಿತ ಸಮಯದ ಗೆಲುವಿಗೆ ಮೂರು ಅಂಕ, ಆಮೇಲಿನ ಗೆಲುವಿಗೆ ಎರಡು, ಆಮೇಲಿನ ಸೋಲಿಗೆ ಒಂದು. ಇಷ್ಟು ಸರಳ ವಿಷಯಕ್ಕೆ ನ್ಯಾಷನಲ್ ಹಾಕಿ ಲೀಗ್ ಇನ್ನೂ ಮನಸ್ಸು ಮಾಡಿಲ್ಲ. ಸೋತವರಿಗೆ ಸಿಗುವ ಅಂಕಗಳು ಪಟ್ಟಿಯಲ್ಲಿ ತಂಡಗಳನ್ನು ಹತ್ತಿರ ಇಡುತ್ತವೆ, ಅಭಿಮಾನಿಗಳ ಆಸೆ ಕೊನೆಯವರೆಗೂ ಉಳಿಯುತ್ತದೆ, ಟಿಕೆಟ್ ಮಾರಾಟವಾಗುತ್ತದೆ. ವ್ಯಾಪಾರದ ದೃಷ್ಟಿಯಿಂದ ಅರ್ಥವಾಗುತ್ತದೆ, ಆಟದ ದೃಷ್ಟಿಯಿಂದ ಅಲ್ಲ.

ಗೋಲಿನ ಬಲೆ ದೊಡ್ಡದು ಮಾಡಿ ಅನ್ನುವವರಿದ್ದಾರೆ. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ, ಅದು ಹಾಗೇ ಇರಲಿ. ಗೋಲು ಅಗ್ಗವಾದಷ್ಟೂ ಆಟ ರೋಚಕವಾಗುವುದಿಲ್ಲ. 1936ರ ಮಾರ್ಚ್‌ನಲ್ಲಿ ಡೆಟ್ರಾಯಿಟ್ ಮತ್ತು ಮಾಂಟ್ರಿಯಲ್ ಮರೂನ್ಸ್ ನಡುವಿನ ಪ್ಲೇಆಫ್, ಅಂದರೆ ಕಪ್‌ಗಾಗಿ ಆಡುವ ಕೊನೆಯ ಹಂತದ ಪಂದ್ಯ ಆರನೆಯ ಹೆಚ್ಚುವರಿ ಅವಧಿಯವರೆಗೆ ಎಳೆದು, 176 ನಿಮಿಷಗಳ ಆಟದ ನಂತರ ಒಂದೇ ಒಂದು ಗೋಲಿನಿಂದ ಮುಗಿಯಿತು. ಆ ಪಂದ್ಯದ ಕಥೆ ಇನ್ನೂ ಹೇಳುತ್ತಲೇ ಇದ್ದಾರೆ. ಪ್ಲೇಆಫ್‌ನಲ್ಲಿ ಇವತ್ತಿಗೂ ಒಬ್ಬೊಬ್ಬರೇ ಗೋಲ್‌ಕೀಪರ್ ಎದುರು ಹೊಡೆಯುವ ಶೂಟೌಟ್ ಇಲ್ಲ, ಗೋಲು ಬೀಳುವವರೆಗೂ ಆಡಬೇಕು.

ಲೀಗ್ ಪಂದ್ಯಗಳಲ್ಲಿ ಅಷ್ಟು ಹೊತ್ತು ಸಾಧ್ಯವಿಲ್ಲ, ಒಪ್ಪೋಣ. ಅದಕ್ಕಾಗಿ 2015-16ರಿಂದ ಐದು ನಿಮಿಷದ ಹೆಚ್ಚುವರಿ ಸಮಯವನ್ನು ಗೋಲ್‌ಕೀಪರ್ ಬಿಟ್ಟು ಮೂವರ ವಿರುದ್ಧ ಮೂವರು ಆಡುತ್ತಾರೆ. ಅಷ್ಟು ವಿಶಾಲ ಮಂಜಿನ ಮೇಲೆ ಮೂರೇ ಜನ! ಮೊದಮೊದಲು ಕುರ್ಚಿಯ ತುದಿಗೆ ಬಂದು ನೋಡುವಂತಿತ್ತು. ಕ್ರಮೇಣ ಕೋಚ್‌ಗಳು ಅದಕ್ಕೂ ಮದ್ದು ಕಂಡುಹಿಡಿದರು. ಪಕ್ ಸಿಕ್ಕರೆ ಬಿಡುವುದಿಲ್ಲ, ಅವಕಾಶ ಸ್ವಲ್ಪ ಮಸುಕಾಗಿ ಕಂಡರೂ ತಿರುಗಿ ತಮ್ಮ ವಲಯಕ್ಕೆ ಹೋಗಿ ಸುತ್ತು ಹಾಕುತ್ತಾರೆ. ನಡುಗೆರೆ ದಾಟಿದವರು ಪಕ್ ಸಮೇತ ಹಿಂದಿರುಗಕೂಡದು ಎಂಬ ನಿಯಮ ತರುವ ಬಗ್ಗೆ ತಂಡಗಳ ಮ್ಯಾನೇಜರ್‌ಗಳ ಸಭೆಯಲ್ಲಿ ಚರ್ಚೆಯಾಗಿದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದು ಹಳೆಯ ನಿಯಮ. ಬೇಗ ತಂದರೆ ಒಳ್ಳೆಯದು.

ಅದಕ್ಕೂ ಮೊದಲು ಅಳಿಸಬೇಕಾದ ಒಂದು ಸಾಲು ನಿಯಮ ಪುಸ್ತಕದಲ್ಲಿದೆ. ಹೆಚ್ಚುವರಿ ಸಮಯದಲ್ಲಿ ಗೋಲ್‌ಕೀಪರನ್ನು ಹೊರಕರೆದು ಇನ್ನೊಬ್ಬ ದಾಳಿಗಾರನನ್ನು ಇಳಿಸಿದ ತಂಡ, ಖಾಲಿ ಗೋಲಿಗೆ ಪಕ್ ಬಿದ್ದು ಸೋತರೆ, ಆಗಲೇ ಗಳಿಸಿದ್ದ ಒಂದು ಅಂಕವನ್ನೂ ಕಳೆದುಕೊಳ್ಳುತ್ತದೆ. 2024ರ ಮಾರ್ಚ್‌ನಲ್ಲಿ ಮಿನೆಸೋಟ ವೈಲ್ಡ್ ತಂಡದ ಕೋಚ್ ಜಾನ್ ಹೈನ್ಸ್ ನ್ಯಾಶ್‌ವಿಲ್ ವಿರುದ್ಧ ಈ ಅಪಾಯ ಗೊತ್ತಿದ್ದೂ ಗೋಲ್‌ಕೀಪರನ್ನು ಕರೆಸಿಕೊಂಡರು, ಗೆದ್ದರು. ಹುಷಾರಾಗಿ ಸುತ್ತು ಹಾಕುವವರಿಗೆ ಒಂದು ಅಂಕ ಖಾತ್ರಿ, ಧೈರ್ಯ ಮಾಡಿದವರಿಗೆ ಮಾತ್ರ ಜುಲ್ಮಾನೆ. ಈ ಸಾಲನ್ನು ಅಳಿಸುವುದಕ್ಕೆ ಹೊಸ ಗೆರೆ ಎಳೆಯಬೇಕಿಲ್ಲ, ಗೋಲು ಬದಲಿಸಬೇಕಿಲ್ಲ, ರೆಫರಿಗಳಿಗೆ ತರಬೇತಿ ಕೊಡಬೇಕಿಲ್ಲ. ಮುಂದಿನ ಸಾಲಿನಿಂದಲೇ ಮಾಡಬಹುದು.

ನಮಸ್ಕಾರ.