ಓದಲಿಕ್ಕೆ ಪುಸ್ತಕ ಇದೆ

ಕೇಳುಗರಿಗೆ ನಮಸ್ಕಾರ. ಕಾಸರಗೋಡು ಸೀಮೆಯಲ್ಲಿ, ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯ ಆಚೆಯವರೆಗೆ, ಕನ್ನಡದಲ್ಲಿ ಪಾಠ ಮಾಡುವ ಅಧ್ಯಾಪಕರಿಗೆ ಈ ಮಾತು. ತರಗತಿಗೆ ಪ್ರೊಜೆಕ್ಟರ್ ಬಂದಾಯಿತು. ಇನ್ನು ಒಂದು ಸಂಗತಿ ನೆನಪಿಟ್ಟರೆ ಸಾಕು: ಸ್ಲೈಡ್ ಇರುವುದು ತೋರಿಸಲಿಕ್ಕೆ. ಓದಲಿಕ್ಕೆ ಪುಸ್ತಕ ಇದೆ.

ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡವಾಗಿ ಕೊರೆಯುವ ನಮ್ಮ ಸುರಂಗದ ಪಾಠವನ್ನೇ ತೆಗೆದುಕೊಳ್ಳಿ. ಗುಡ್ಡದ ಹೊಟ್ಟೆಯೊಳಗೆ ಮುರಕಲ್ಲಿನಿಂದ ನೀರು ಜಿನುಗುವ ಫೋಟೋ ತೆರೆಗೆ ಬಂದರೆ, ಪೇಟೆಯ ಮಗುವಿಗೂ ಸುರಂಗ ಕಣ್ಣಿಗೆ ಕಟ್ಟುತ್ತದೆ. ಇದನ್ನು ಕರಿಹಲಗೆ ಮಾಡಲಾರದು. ಆದರೆ ಮಳೆನೀರು ಇಂಗುವುದು, ಕೆಳಗೆ ಜೇಡಿಮಣ್ಣು ತಡೆಯುವುದು, ನೀರು ಅಡ್ಡಕ್ಕೆ ಹೊರಳುವುದು, ಈ ಕ್ರಮವನ್ನು ಸೀಮೆಸುಣ್ಣದಿಂದ ಗೆರೆಗೆರೆಯಾಗಿ ಬರೆಯಿರಿ. ಆಗ ಮಗುವಿನ ಪೆನ್ಸಿಲ್ ನಿಮ್ಮ ಕೈಯ ಜೊತೆಗೇ ನಡೆಯುತ್ತದೆ. ಸಿದ್ಧ ಸ್ಲೈಡಿನ ಹಿಂದೆ ಅದು ಓಡಬೇಕು.

ಸ್ಲೈಡಿಗೆ ಅಕ್ಷರ ತುಂಬಿದರೆ ಏನಾಗುತ್ತದೆ? 2003ರ ಜನವರಿ. ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ಮೇಲೇರುವಾಗ ಇಂಧನ ಟ್ಯಾಂಕಿನ ನೊರೆಹೊದಿಕೆಯ ತುಂಡೊಂದು ಕಳಚಿ ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಆಕಾಶದಲ್ಲಿದ್ದಾಗಲೇ ಎಂಜಿನಿಯರರು ಅಪಾಯದ ಲೆಕ್ಕ ಹಾಕಿ ಸ್ಲೈಡ್ ಮಾಡಿದರು. ತಲೆಬರಹ ಓದಿದವರಿಗೆ ಧೈರ್ಯವೇ ಬರಬೇಕು, ಹಾಗಿತ್ತು. ಅದರ ಕೆಳಗೆ ಚುಕ್ಕಿಯಿಟ್ಟ ಸಾಲು, ಅದರೊಳಗೆ ಉಪಸಾಲು, ಅದಕ್ಕೊಂದು ಮರಿಸಾಲು. ಕಟ್ಟಕಡೆಗೆ, ಸಣ್ಣಕ್ಷರದಲ್ಲಿ, ಪರೀಕ್ಷೆಯಲ್ಲಿ ಬಳಸಿದ ನೊರೆಯ ತುಂಡು 3 ಘನ ಅಂಗುಲ, ಇಲ್ಲಿರುವುದು 1920 ಎಂಬ ಲೆಕ್ಕ. 640 ಪಟ್ಟು! ತಲೆಯಲ್ಲಿ ಇರಬೇಕಾದ್ದು ಬಾಲದಲ್ಲಿತ್ತು. ಫೆಬ್ರವರಿ 1ರಂದು ಏಳು ಮಂದಿಯೂ ಮರಳಲಿಲ್ಲ. ತನಿಖಾ ಮಂಡಳಿ ತನ್ನ ವರದಿಯಲ್ಲಿ ಈ ಸ್ಲೈಡನ್ನು ಎತ್ತಿ ತೋರಿಸಿ ಟೀಕಿಸಿತು. ಓದಲಿಕ್ಕೆ ವರದಿ ಕೊಡಬೇಕಿತ್ತು, ಅಷ್ಟೆ.

ಸಮಯ ಓಡುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ಲ್ಯಾಪ್‌ಟಾಪ್ ಮೇಜಿನ ಮೇಲಿಟ್ಟು 5 ಅಡಿ ಹಿಂದೆ ನಿಲ್ಲಿ. ಅದರ ತೆರೆ ಸುಮಾರು 1 ಅಡಿ ಅಗಲ. ಗೋಡೆಯ ಮೇಲೆ 6 ಅಡಿ ಅಗಲದ ಚಿತ್ರವನ್ನು 30 ಅಡಿ ದೂರದ ಹಿಂದಿನ ಬೆಂಚಿನವರು ನೋಡುವುದೂ ಅದೇ ಪ್ರಮಾಣದಲ್ಲಿ. ನಿಮಗೆ ಕಾಣದ್ದು ಅವರಿಗೂ ಕಾಣದು. 28 ಪಾಯಿಂಟಿಗಿಂತ ಸಣ್ಣಕ್ಷರ ಬೇಡ. ಸಾಲುಗಳ ನಡುವೆ ಜಾಗ ಬಿಡಿ, ಇಲ್ಲದಿದ್ದರೆ 'ರಾಷ್ಟ್ರ'ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ವಿವರಿಸುವಾಗ ಕೀಲಿಮಣೆಯ 'ಬಿ' ಒತ್ತಿ. ತೆರೆ ಕಪ್ಪಾಗುತ್ತದೆ, ಮಕ್ಕಳ ಕಣ್ಣು ನಿಮ್ಮ ಕಡೆ ತಿರುಗುತ್ತದೆ. ಮತ್ತೊಮ್ಮೆ ಒತ್ತಿದರೆ ಚಿತ್ರ ವಾಪಸು. ಮನೆಯಲ್ಲಿ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಶಾಲೆಯ ಕಂಪ್ಯೂಟರಿನಲ್ಲಿ ಚಿತ್ರಲಿಪಿಯಾದೀತು. ಯುನಿಕೋಡ್ ಬಳಸಿ, ಪಿಡಿಎಫ್ ಪ್ರತಿಯೊಂದು ಜೊತೆಗಿರಲಿ. ಆಟಿ ತಿಂಗಳ ಮಳೆಗೆ ಕರೆಂಟು ಹೋಗುವುದಂತೂ ಇದ್ದೇ ಇದೆ, ಸೀಮೆಸುಣ್ಣ ಜೇಬಿನಲ್ಲೇ ಇರಲಿ. ನಮಸ್ಕಾರ.